ಮಸಾರಿಯ ಪರವಾಗಿ ಒಂದು ಮಾತು

ಪಹಣಿ ಪತ್ರಿಕೆಯಲ್ಲಿ ‘ಮಣ್ಣಿನ ನಮೂನೆ’ ಎಂಬುದೊಂದು ಅಂಕಣವಿದೆ. ಹೊಲ ಕೊಳ್ಳುವವರು ಸರ್ವೇ ನಂಬರು, ವಿಸ್ತೀರ್ಣ, ಕಬ್ಜೆದಾರರ ಹೆಸರು, ಬ್ಯಾಂಕಿನ ಬೋಜಾ ಇವನ್ನೆಲ್ಲ ಕನ್ನಡಕ ಏರಿಸಿಕೊಂಡು ಓದುತ್ತಾರೆಯೇ ಹೊರತು ಆ ಅಂಕಣದ ಮೇಲೆ ಕಣ್ಣಾಡಿಸುವವರು ವಿರಳ. ಕೇಳಿದರೆ, “ಮಣ್ಣು ನೋಡಾಕ ಕಾಗದ ಯಾಕ್ರೀ ಸರ, ಹೊಲಕ್ಕ ಹೋದ್ರ ಕಾಣ್ತದಲ್ಲ” ಎನ್ನುತ್ತಾರೆ. ಮಾತೇನೋ ನಿಜ. ಆದರೆ ಹೊಲಕ್ಕೆ ಹೋಗಿ ನೋಡುವ ಕಣ್ಣುಗಳಿಗೂ ನಮ್ಮ ಸೀಮೆಯಲ್ಲಿ ಎರಡೇ ಮಣ್ಣು: ಒಂದು ಎರೆ, ಇನ್ನೊಂದು ಎರೆಯಲ್ಲದ್ದು. ಎರೆಯಲ್ಲದ್ದರಲ್ಲಿಯೂ ಗುಡ್ಡದ ಬುಡಕ್ಕೆ ಅಂಟಿಕೊಂಡ, ಕಾಲಿಟ್ಟರೆ ಸರ್ರನೆ ಜಾರುವ ಉಸುಕು ಮಸಾರಿಗೆ ಲೆಕ್ಕದಲ್ಲಿ ಸ್ಥಾನವೇ ಇಲ್ಲ. ಅಣ್ಣತಮ್ಮಂದಿರ ಪಾಲು ನಡೆಯುವಾಗ ಬಾಯಿಲ್ಲದವನ ಪಾಲಿಗೆ ಬರುವ ಹೊಲ ಅದು. ಹೆಣ್ಣು ಕೊಡುವವರು ವಿಚಾರಿಸುವಾಗ “ಎರೆ ಎಷ್ಟೈತಿ?” ಎಂದು ಕೇಳುತ್ತಾರೆ, “ಮಸಾರಿ ಎಷ್ಟೈತಿ?” ಎಂದು ಕೇಳಿದ ಬೀಗರನ್ನು ನಾನಂತೂ ಕಂಡಿಲ್ಲ.

ಬಾದಾಮಿಯ ಗುಡ್ಡಸಾಲಿನ ಆಸುಪಾಸಿನ ಪ್ರೌಢಶಾಲೆಗಳಲ್ಲಿ ಮೂರು ದಶಕಗಳ ಕಾಲ ವಿಜ್ಞಾನ ಬೋಧಿಸಿದವನು ನಾನು. ಆ ಅವಧಿಯಲ್ಲಿ ಈ ಮಣ್ಣಿನ ಬಗ್ಗೆ ನನ್ನಲ್ಲಿ ಒಂದು ಅಭಿಪ್ರಾಯ ಬೆಳೆದು ಬಂದಿದೆ. ಈಗ ಜೆಸಿಬಿ ಯಂತ್ರಗಳು ಗುಡ್ಡದ ಬುಡಕ್ಕೆ ಬಂದು ನಿಂತಿರುವ ಹೊತ್ತಿನಲ್ಲಿ ಅದನ್ನು ಹೇಳದೆ ಇರುವುದು ಸರಿಯಲ್ಲವೆನಿಸಿ ಬರೆಯುತ್ತಿದ್ದೇನೆ.

ಮೊದಲು ಈ ಮಣ್ಣು ಎಲ್ಲಿ ಕುಳಿತಿದೆಯೆಂಬುದನ್ನು ನೋಡೋಣ. ಬಾದಾಮಿ, ಮಹಾಕೂಟ, ಗುಳೇದಗುಡ್ಡ, ಐಹೊಳೆ ಈ ಊರುಗಳನ್ನು ಬಲ್ಲವರಿಗೆ ಆ ಕೆಂಪು ಬಂಡೆಯ ಗುಡ್ಡಗಳು ಕಣ್ಣಿಗೆ ಕಟ್ಟಿದಂತಿರುತ್ತವೆ. ತಲೆಯ ಮೇಲೆ ಸಪಾಟಾದ ಹಾಸುಬಂಡೆ. ಅದರ ಅಂಚಿಗೆ ಬಂದರೆ ಗೋಡೆಯಂತೆ ನೆಟ್ಟಗೆ ಇಳಿದ ಪ್ರಪಾತ. ಪ್ರಪಾತದ ಕೆಳಗೆ ಉರುಳಿಬಿದ್ದ ಮನೆಗಾತ್ರದ ಗುಂಡುಗಳು. ಗುಂಡುಗಳ ಸಂದಿನಿಂದ ಶುರುವಾಗಿ ಇಳಿಜಾರಿಗೆ ಹರಡಿಕೊಂಡ ನಸುಗೆಂಪು ಉಸುಕಿನ ಮಣ್ಣು. ಈ ಇಳಿಜಾರು ಮೇಲ್ಗಡೆ ಕಡಿದಾಗಿದ್ದು ಕೆಳಗಿಳಿದಂತೆ ಮಂದವಾಗುತ್ತದೆ. ಮಣ್ಣೂ ಹಾಗೆಯೇ. ಮೇಲೆ ಗೇಣುದ್ದವೂ ಇಲ್ಲ, ಗುದ್ದಲಿ ಹಾಕಿದರೆ ಠಣ್ಣೆಂದು ಕಲ್ಲಿಗೆ ತಾಗುತ್ತದೆ. ಕೆಳಗೆ ಬಂದಂತೆ ಮೊಳ, ಎರಡು ಮೊಳ ಆಳವಾಗುತ್ತದೆ. ಇನ್ನೂ ಕೆಳಗೆ ನಡೆದರೆ ಕೆಂಪು ಮಾಸಿ ಬೂದಾಗಿ, ಕೊನೆಗೆ ಮಲಪ್ರಭೆಯ ಕಡೆಯ ಬಯಲಿನಲ್ಲಿ ಕಪ್ಪು ಎರೆಯಾಗುತ್ತದೆ. ಮುಂಜಾನೆ ವಾಯುವಿಹಾರಕ್ಕೆ ಹೊರಟವನೊಬ್ಬ ಅರ್ಧ ತಾಸಿನೊಳಗೆ ಬಂಡೆ, ಗರಸು, ಉಸುಕು, ಎರೆ ಎಲ್ಲವನ್ನೂ ತುಳಿದು ಮನೆಗೆ ಮರಳಬಹುದು. ಈ ಅರ್ಧ ತಾಸಿನ ನಡಿಗೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಕೆಲಸವಿದೆ.

ಈ ಬಂಡೆ ಮರಳುಗಲ್ಲು. ಭೂವಿಜ್ಞಾನಿಗಳು ಇದನ್ನು ಕಲಾದಗಿ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯ ಹೆಸರೇ ಈ ಶಿಲೆಗಳಿಗೂ ಬಂದಿದೆ. ರಾಬರ್ಟ್ ಬ್ರೂಸ್ ಫೂಟ್ ಅವರು ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ಪ್ರಕಟಿಸಿದ ಭೂವೈಜ್ಞಾನಿಕ ವರದಿಯಲ್ಲಿ ಈ ಗುಡ್ಡಗಳ ವಿವರಣೆಯಿದೆ. ನೆಲದ ಮೇಲೆ ಹುಲ್ಲು ಗಿಡ ಯಾವುದೂ ಇನ್ನೂ ಹುಟ್ಟಿರದ ಕಾಲದಲ್ಲಿ ಹರಿಯುವ ನೀರು ತಂದು ಹಾಸಿದ ಉಸುಕು, ಪದರದ ಮೇಲೆ ಪದರ ಕುಳಿತು, ಸಿಲಿಕ ಮತ್ತು ಕಬ್ಬಿಣದ ಆಕ್ಸೈಡುಗಳ ಅಂಟಿನಿಂದ ಬಿಗಿದು ಕಲ್ಲಾಯಿತು. ಬಂಡೆಯ ಪಕ್ಕಕ್ಕೆ ನಿಂತು ನೋಡಿದರೆ ಓರೆಯಾಗಿ ಜೋಡಿಸಿದಂಥ ಪದರಗೆರೆಗಳು ಇಂದಿಗೂ ಕಾಣುತ್ತವೆ. ಆ ಪುರಾತನ ಪ್ರವಾಹ ಯಾವ ಕಡೆಗೆ ಹರಿಯುತ್ತಿತ್ತೆಂದು ಅದನ್ನು ನೋಡಿ ಹೇಳಬಹುದು. ಮಕ್ಕಳನ್ನು ಗುಹಾಲಯಗಳಿಗೆ ಕರೆದೊಯ್ದಾಗ ಮಾರ್ಗದರ್ಶಿಗಳು ಹದಿನೆಂಟು ಕೈಯ ನಟರಾಜನನ್ನು ತೋರಿಸುತ್ತಿದ್ದರೆ ನಾನು ಆ ಗೋಡೆಯ ಗೆರೆಗಳನ್ನು ತೋರಿಸುತ್ತಿದ್ದೆ. ಮಕ್ಕಳಿಗೆ ನಟರಾಜನೇ ಹಿಡಿಸುತ್ತಿದ್ದನೆಂಬುದು ಬೇರೆ ಮಾತು.

ಮೂರನೆಯ ಗುಹೆಯ ಶಾಸನ ಮಂಗಲೇಶ ಹಾಕಿಸಿದ್ದು, ಕ್ರಿ.ಶ. 578ರದು. ಚಾಲುಕ್ಯ ಶಿಲ್ಪಿಗಳು ಈ ಕಲ್ಲನ್ನು ಆಯ್ದುಕೊಂಡದ್ದು ಸುಮ್ಮನೆ ಅಲ್ಲ. ಕಣ ಕಣವಾಗಿ ಬಿಡುವ ಕಲ್ಲು ಉಳಿಗೆ ಒಗ್ಗುತ್ತದೆ. ಹಾಗೆ ಉಳಿಗೆ ಒಗ್ಗುವ ಕಲ್ಲು ಮಳೆಗೂ ಬಿಸಿಲಿಗೂ ಒಗ್ಗುತ್ತದೆ. ಕಣಗಳನ್ನು ಹಿಡಿದಿಟ್ಟ ಅಂಟು ಕರಗಿದಂತೆ ಬಂಡೆಯ ಮೈಯಲ್ಲಿ ಜೇನುಗೂಡಿನಂಥ ಕುಳಿಗಳು ಬೀಳುತ್ತವೆ, ಉಸುಕು ಉದುರುತ್ತದೆ. ಉದುರಿದ ಉಸುಕು ಬುಡದಲ್ಲಿ ಕೂಡುತ್ತದೆ. ಅದೇ ನಮ್ಮ ಮಸಾರಿ. ನಸುಗೆಂಪು ಬಣ್ಣವು ಕಣಗಳಿಗೆ ಬಳಿದ ಕಬ್ಬಿಣದ ತೆಳುಲೇಪದಿಂದ ಬಂದದ್ದು.

ಈ ಮಣ್ಣಿನ ಬಡತನದ ಗುಟ್ಟೂ ಇಲ್ಲಿಯೇ ಇದೆ. ಬೆಣಚುಗಲ್ಲಿನಂಥ ಶಿಲೆ ಶಿಥಿಲವಾದಾಗ ಅದರಲ್ಲಿನ ಫೆಲ್ಡ್‌ಸ್ಪಾರ್, ಅಭ್ರಕಗಳು ಒಡೆದು ಜೇಡಿಯಾಗುತ್ತವೆ. ಪೊಟ್ಯಾಶಿಯಂ, ಕ್ಯಾಲ್ಸಿಯಂಗಳು ಬಿಡುಗಡೆಯಾಗುತ್ತವೆ. ಮರಳುಗಲ್ಲಿನ ಕಥೆ ಹಾಗಲ್ಲ. ಅದರ ಕಣಗಳು ಒಮ್ಮೆ ಯಾವುದೋ ಹಳೆಯ ಬೆಟ್ಟದಿಂದ ಶಿಥಿಲವಾಗಿ, ನೀರಿನಲ್ಲಿ ಉರುಳಿ, ಕರಗುವುದೆಲ್ಲ ಬಹುಮಟ್ಟಿಗೆ ಕರಗಿಹೋದ ಮೇಲೆ ಉಳಿದ ಸ್ಫಟಿಕ ಶಿಲೆಯ ಚೂರುಗಳು. ಅವುಗಳಿಂದಲೇ ಎರಡನೆಯ ಸಲ ಮಣ್ಣಾಗಬೇಕು. ಒಮ್ಮೆ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಮತ್ತೆ ಗಾಣಕ್ಕೆ ಕೊಟ್ಟಂತೆ. ಆದ್ದರಿಂದ “ಈ ಹೊಲದಾಗ ಸತ್ವ ಇಲ್ಲ” ಎಂದು ಒಕ್ಕಲಿಗನನ್ನು ಹಳಿಯುವವರು, ಆ ಸತ್ವ ಹೋದದ್ದು ಅವನ ಅಜ್ಜನ ಕಾಲದಲ್ಲಿ ಅಲ್ಲ, ಮನುಷ್ಯನೇ ಇಲ್ಲದ ಕಾಲದಲ್ಲಿ ಎಂಬುದನ್ನು ತಿಳಿಯಬೇಕು.

ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಮಣ್ಣಿನಲ್ಲಿರುವುದು ಜೇಡಿಯಿಂದ ಮತ್ತು ಸಾವಯವ ಅಂಶದಿಂದ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು, ಅದರ ಮೈಮೇಲೆ ಋಣ ವಿದ್ಯುದಂಶವಿದ್ದು ಕ್ಯಾಲ್ಸಿಯಂ, ಪೊಟ್ಯಾಶಿಯಂ ಮುಂತಾದವುಗಳನ್ನು ಅದು ಅಂಟಿಸಿಕೊಳ್ಳುತ್ತದೆ. ಉಸುಕಿನ ಕಣಕ್ಕೆ ಅಂಥ ಅಂಟು ಇಲ್ಲ. ಆದ್ದರಿಂದ ಈ ಹೊಲಕ್ಕೆ ಒಮ್ಮೆಗೇ ಎರಡು ಚೀಲ ಯೂರಿಯಾ ಸುರಿದರೆ ಬೆಳೆಗೆ ಸಿಗುವುದು ಸ್ವಲ್ಪ. ಮುಂದಿನ ದೊಡ್ಡ ಮಳೆಗೆ ಉಳಿದದ್ದು ನೈಟ್ರೇಟಾಗಿ ಕೆಳಗಿಳಿದು, ಕಡೆಗೆ ಯಾರದೋ ಬಾವಿಯನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡವಿದೆ. ಗೊಬ್ಬರದಂಗಡಿಯಲ್ಲಿ ಈ ಮಾತನ್ನು ಯಾರು ಹೇಳಬೇಕು?

ಹಿಂದಿನವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಮಸಾರಿಯ ಸ್ವಭಾವ ಗೊತ್ತಿತ್ತು. ಸುಗ್ಗಿ ಮುಗಿದ ಮೇಲೆ ಕುರಿಹಿಂಡನ್ನು ರಾತ್ರಿ ಹೊಲದಲ್ಲಿ ತಂಗಿಸುತ್ತಿದ್ದರು. ಕುರುಬರಿಗೆ ಕಾಳುಕಡಿ ಕೊಟ್ಟು ಗೌರವದಿಂದ ಕರೆಯುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಹೂಳನ್ನು ಬಂಡಿಯಲ್ಲಿ ಹೇರಿ ಮಸಾರಿಗೆ ಹಾಕುತ್ತಿದ್ದರು. ಹೂಳೆಂದರೆ ಜೇಡಿ, ಜೇಡಿಯೆಂದರೆ ಆ ಮಣ್ಣಿಗೆ ಇಲ್ಲದ ಅಂಟು. ಗುಡ್ಡದಿಂದ ಇಳಿದುಹೋದದ್ದನ್ನು ಮತ್ತೆ ಗುಡ್ಡದ ಬುಡಕ್ಕೆ ಮುಟ್ಟಿಸುವ ವ್ಯವಸ್ಥೆ ಅದು. ಇದಕ್ಕಿಂತ ಒಳ್ಳೆಯ ಉಪಾಯವನ್ನು ನನ್ನ ಬಿ.ಇಡಿ. ಪದವಿಯೂ ನನಗೆ ಕಲಿಸಲಿಲ್ಲ.

ಬೆಳೆಯ ವಿಚಾರಕ್ಕೆ ಬಂದರೆ, ಬಿಳಿಜೋಳ, ಕಡಲೆ, ಕುಸುಬೆ ಎರೆಯ ಮಕ್ಕಳು. ಹಿಂಗಾರಿಗೆ ಬಿತ್ತಿ, ನೆಲದೊಳಗೆ ಕೂಡಿಟ್ಟ ತೇವದ ಮೇಲೆಯೇ ಬೆಳೆದು ನಿಲ್ಲುತ್ತವೆ. ಮಸಾರಿಯದು ಮುಂಗಾರು ಸಂಸಾರ: ಸಜ್ಜೆ, ನವಣೆ, ಹೆಸರು, ಮಡಿಕೆ, ಹುರುಳಿ, ಎಳ್ಳು, ಶೇಂಗಾ. ಶೇಂಗಾದ ಹೂವು ಮೇಲೆ ಬಿಟ್ಟರೂ ಅದರ ಮೊನೆ ನೆಲದೊಳಗೆ ಇಳಿದರೆ ಮಾತ್ರ ಕಾಯಿ ಕಟ್ಟುತ್ತದೆ. ಅದಕ್ಕೆ ಸಡಿಲ ಮಣ್ಣೇ ಬೇಕು. ಕೀಳುವಾಗಲೂ ಮಸಾರಿಯಲ್ಲಿ ಬಳ್ಳಿ ಹಿಡಿದೆಳೆದರೆ ಕಾಯಿ ಗೊಂಚಲಾಗಿ ಬರುತ್ತದೆ, ಒಣಗಿದ ಎರೆಯಲ್ಲಾದರೆ ಅರ್ಧ ಕಾಯಿ ನೆಲದಲ್ಲೇ ಉಳಿಯುತ್ತದೆ. ಮಳೆ ನಿಂತ ಮರುದಿನವೇ ಮಸಾರಿಗೆ ಕೂರಿಗೆ ಹೂಡಬಹುದು. ಎರೆಯ ಒಡೆಯ ಮಾತ್ರ ಕೆಸರು ಆರಲೆಂದು ಕಟ್ಟೆಯ ಮೇಲೆ ಕುಳಿತು ಕಾಯಬೇಕು. ಮೇಲಿನ ಇಳಿಜಾರಿನಲ್ಲಿ, ಯಾರೂ ಬಿತ್ತದ ಕಡೆ, ಸೀತಾಫಲ, ಕವಳಿ, ಕಾರೆ, ಬಂದರಿಕೆ ತಾವಾಗಿಯೇ ಬೆಳೆದಿರುತ್ತವೆ. ಸೀತಾಫಲದ ಹಂಗಾಮಿನಲ್ಲಿ ಬುಟ್ಟಿ ಹೊತ್ತು ಬಸ್‌ನಿಲ್ದಾಣಕ್ಕೆ ಬರುವ ಹೆಣ್ಣುಮಕ್ಕಳ ಸಂಪಾದನೆ ಆ ‘ಪಾಳು’ ನೆಲದ್ದೇ.

ಆದರೆ ಇವೆಲ್ಲ ಈ ಮಣ್ಣಿನ ಸಣ್ಣ ಗುಣಗಳು. ದೊಡ್ಡ ಗುಣ ಬೇರೆ ಇದೆ. ಅದು ಬೆಳೆಯಲ್ಲಿ ಕಾಣುವುದಿಲ್ಲ, ಬಾವಿಯಲ್ಲಿ ಕಾಣುತ್ತದೆ.

ಮಣ್ಣೊಂದು ತಾಸಿನಲ್ಲಿ ಎಷ್ಟು ನೀರು ಕುಡಿಯಬಲ್ಲದೆಂಬುದಕ್ಕೆ ಜಲವಿಜ್ಞಾನಿಗಳು ಲೆಕ್ಕವಿಟ್ಟಿದ್ದಾರೆ. ಜೇಡಿ ಮಣ್ಣು ತೊಯ್ದ ಮೇಲೆ ತಾಸಿಗೆ 1ರಿಂದ 5 ಮಿಲಿಮೀಟರ್ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಉಸುಕು ಮಣ್ಣು 30 ಮಿಲಿಮೀಟರಿಗೂ ಮಿಗಿಲಾಗಿ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಐದಾರು ನೂರು ಮಿಲಿಮೀಟರ್ ಮಾತ್ರ, ಅದೂ ಗುಡುಗು ಸಿಡಿಲಿನೊಂದಿಗೆ ಒಂದೆರಡು ತಾಸಿನಲ್ಲಿ ಸುರಿದು ಹೋಗುವಂಥದ್ದು. ಮೇಲಿನ ಹಾಸುಬಂಡೆಯಿಂದ ಜಾರಿ ಬಂದ ನೀರೂ ಇಳಿಜಾರಿನ ಪಾಲಿಗೆ ಸೇರುತ್ತದೆ. ಅಲ್ಲಿ ಅದನ್ನು ಹಿಡಿಯಬಲ್ಲದ್ದು ಈ ಉಸುಕಿನ ಹೊದಿಕೆಯೊಂದೇ. ಒಳಗಿಳಿದ ನೀರು ಕೆಳಗಿನ ಬಂಡೆಗೆ ತಾಗುತ್ತದೆ. ಬಂಡೆಯ ಬಿರುಕುಗಳಿಗೆ ಒಂದಿಷ್ಟು ಇಳಿಯುತ್ತದೆ. ಉಳಿದದ್ದು ಮಣ್ಣಿನ ಅಡಿಯಲ್ಲಿ, ಬಂಡೆಯ ಬೆನ್ನಿನ ಮೇಲೆ, ಸದ್ದಿಲ್ಲದೆ ಕೆಳಕ್ಕೆ ಸರಿಯುತ್ತದೆ. ಬುಡದಲ್ಲಿ ಎಲ್ಲೋ ಒರತೆಯಾಗಿ ಜಿನುಗುತ್ತದೆ. ಗುಡ್ಡದ ಬುಡದ ಬಾವಿಗಳಲ್ಲಿ ಮಳೆ ಬಂದ ದಿನವೇ ನೀರು ಏರದೆ, ಕೆಲವು ದಿನ ಕಳೆದು ತಿಳಿನೀರು ಏರುವುದನ್ನು ನೀರು ಸೇದಿದವರೆಲ್ಲ ನೋಡಿದ್ದಾರೆ. ಎಲ್ಲ ಬಾವಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳುವುದಿಲ್ಲ. ಬಂಡೆಯ ಬಿರುಕುಗಳ ದಾರಿ ಒಂದೊಂದು ಕಡೆ ಒಂದೊಂದು ತೆರ. ಆದರೆ ಬಿದ್ದ ಮಳೆ ಹಳ್ಳಕ್ಕೆ ಓಡಿಹೋಗಬೇಕೋ ನೆಲಕ್ಕೆ ಇಳಿಯಬೇಕೋ ಎಂಬುದನ್ನು ಮೊದಲು ತೀರ್ಮಾನಿಸುವುದು ಮೇಲಿನ ಈ ಮಣ್ಣು. ಮಹಾಕೂಟದ ಪುಷ್ಕರಣಿಯಲ್ಲಿ ಈಜಾಡಿದವರು ಆ ಬುಗ್ಗೆಯ ನೀರು ಯಾವ ನೆಲದ ಮೇಲೆ ಬಿದ್ದ ಮಳೆಯೆಂದು ಒಂದು ಗಳಿಗೆ ಯೋಚಿಸಿದರೆ ಒಳ್ಳೆಯದು.

ಇನ್ನೊಂದು ವಿಸ್ಮಯವಿದೆ. ಉಸುಕು ನೀರನ್ನು ಹಿಡಿದಿಡುವುದಿಲ್ಲ, ಆದ್ದರಿಂದ ಒಣ ಸೀಮೆಗೆ ಅದು ಕೆಟ್ಟ ಮಣ್ಣು ಎಂದೇ ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಒಂದು ಮೀಟರ್ ಆಳದ ಉಸುಕು ಮಣ್ಣು ಗಿಡಕ್ಕೆ ಒದಗುವಂಥ ನೀರನ್ನು ಹೆಚ್ಚೆಂದರೆ 100 ಮಿಲಿಮೀಟರ್ ಹಿಡಿಯಬಹುದು. ಜೇಡಿ ಮಣ್ಣು 200ರ ಆಸುಪಾಸು. ಈಗ 15 ಮಿಲಿಮೀಟರಿನ ಒಂದು ಸಣ್ಣ ಮಳೆ ಬಂತೆನ್ನಿ. ಉಸುಕಿನಲ್ಲಿ ಅದು ಹದಿನೈದು ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ, ಜೇಡಿಯಲ್ಲಿ ಏಳೆಂಟು ಸೆಂಟಿಮೀಟರಿಗೆ ನಿಲ್ಲುತ್ತದೆ. ನಮ್ಮ ಬಿಸಿಲು ಮೇಲಿನ ಪದರವನ್ನು ನಾಲ್ಕು ದಿನದಲ್ಲಿ ಒಣಗಿಸುತ್ತದೆ. ಎಂದ ಮೇಲೆ ಜೇಡಿಯಲ್ಲಿನ ನೀರು ಬಹುಪಾಲು ಸೂರ್ಯನಿಗೆ, ಉಸುಕಿನಲ್ಲಿನ ನೀರು ಅರ್ಧದಷ್ಟಾದರೂ ಬೇರಿಗೆ. ದೊಡ್ಡ ಮಳೆಯ ವರ್ಷ ಎರೆ ಗೆಲ್ಲುತ್ತದೆ. ಬಿಡಿ ಬಿಡಿ ತುಂತುರಿನ ವರ್ಷ ಮಸಾರಿಯ ಸಜ್ಜೆ ಮನೆಗೆ ಬರುತ್ತದೆ. ಮಳೆ ಕಡಿಮೆಯಾದ ಪ್ರದೇಶಗಳಲ್ಲಿ ಜೇಡಿಗಿಂತ ಉಸುಕು ಮಣ್ಣೇ ಹೆಚ್ಚು ಸಸ್ಯಗಳನ್ನು ಸಾಕುತ್ತದೆಂಬುದನ್ನು ಮರುಭೂಮಿ ಪರಿಸರದ ವಿಜ್ಞಾನಿಗಳು 1970ರ ದಶಕದಲ್ಲಿಯೇ ಬರೆದಿದ್ದಾರೆ. ನಮ್ಮ ರೈತರು ಬರೆಯಲಿಲ್ಲ, ಬಳಸಿದರು. ಗದಗ, ಕೊಪ್ಪಳ ಸೀಮೆಯ ಎರೆ ಹೊಲಗಳಲ್ಲಿ ಹಳ್ಳದ ಉಸುಕನ್ನು ತಂದು ಮೇಲೆ ಹೊದಿಕೆಯಾಗಿ ಹರಡುವ ಪದ್ಧತಿಯನ್ನು ಬಹಳ ಜನ ನೋಡಿರಬಹುದು. ನೀರು ಬೇಗ ಇಂಗಲಿ, ಬಿರುಕು ಬಿಡದಿರಲಿ, ತೇವ ಆರದಿರಲಿ ಎಂದು ಖರ್ಚು ಮಾಡಿ ಉಸುಕು ಹೇರುತ್ತಾರೆ. ಬೀಗರ ಮುಂದೆ ಮರ್ಯಾದೆಯಿಲ್ಲದ ಉಸುಕಿಗೆ ಎರೆಯ ಹೊಲದಲ್ಲಿ ಮೇಲಿನ ಹಾಸಿಗೆ!

ಇಷ್ಟೆಲ್ಲ ಗುಣವಿದ್ದೂ ಇದು ದಾಖಲೆಯಲ್ಲಿ ಏಕೆ ಬರಲಿಲ್ಲ? ನಾವು ಮಣ್ಣಿಗೆ ಕೇಳುವ ಪ್ರಶ್ನೆಯೇ ಒಂದು ಬದಿಯದು ಎಂಬುದು ನನ್ನ ತಕರಾರು. ‘ನಿನಗೆ ಎಷ್ಟು ಗೊಬ್ಬರ ಹಾಕಬೇಕು?’ ಎಂದು ಕೇಳುತ್ತೇವೆ. ‘ನೀನು ಏನು ಕೆಲಸ ಮಾಡುತ್ತಿದ್ದೀ?’ ಎಂದು ಕೇಳುವುದಿಲ್ಲ.

2015ರಲ್ಲಿ ಕೇಂದ್ರ ಸರಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿತು. ಉದ್ದೇಶ ಒಳ್ಳೆಯದು, ಅದನ್ನು ನಾನು ಹೀಗಳೆಯುವುದಿಲ್ಲ. ಅದರಲ್ಲಿ ಹನ್ನೆರಡು ಅಂಶಗಳ ಪರೀಕ್ಷೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿರಿ. ಮಣ್ಣು ಉಸುಕೋ ಜೇಡಿಯೋ ಎಂಬ ಮಾತು ಅದರಲ್ಲಿಲ್ಲ. ಎಷ್ಟು ಆಳವಿದೆ, ಕೆಳಗೆ ಬಂಡೆಯೋ ಗರಸೋ, ಇಳಿಜಾರು ಎಷ್ಟು ಎಂಬ ಮಾತೂ ಇಲ್ಲ. ವೈದ್ಯರು ರಕ್ತ ಪರೀಕ್ಷೆ ಬರೆದುಕೊಟ್ಟು ರೋಗಿಯ ವಯಸ್ಸನ್ನೂ ತೂಕವನ್ನೂ ಕೇಳದೆ ಕಳಿಸಿದಂತೆ. ಅದಕ್ಕಿಂತ ವಿಚಿತ್ರವೆಂದರೆ, ಮಳೆಯಾಶ್ರಿತ ಪ್ರದೇಶದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿಯೆಂದು ಯೋಜನೆಯ ಚೌಕ ಹಾಕಿಕೊಡಲಾಗಿತ್ತು. ಹತ್ತು ಹೆಕ್ಟೇರ್ ಎಂದರೆ ಸುಮಾರು ಇಪ್ಪತ್ತೈದು ಎಕರೆ. ಬದಿಯೊಂದು ಮೂರು ನೂರು ಮೀಟರಿಗೆ ತುಸು ಹೆಚ್ಚು. ಸಮತಟ್ಟಾದ ಬಯಲು ಸೀಮೆಗೆ ಇದು ನಡೆದೀತು. ನಾನು ಮೊದಲು ಹೇಳಿದ ಅರ್ಧ ತಾಸಿನ ನಡಿಗೆಯನ್ನು ನೆನೆಯಿರಿ: ನಮ್ಮ ಗುಡ್ಡದ ಬುಡದಲ್ಲಿ ಆ ಒಂದು ಚೌಕದೊಳಗೆ ಗೇಣುದ್ದದ ಗರಸೂ ಮೊಳದುದ್ದದ ಉಸುಕೂ ಎರೆಯ ಅಂಚೂ ಒಟ್ಟಿಗೆ ಬಿದ್ದಿರಬಹುದು. ಮೂರಕ್ಕೂ ಒಂದೇ ಚೀಟಿ!

ಮಸಾರಿಯ ಒಡೆಯನ ಚೀಟಿಯಲ್ಲಿ ಬರುವುದು ಬಹುಮಟ್ಟಿಗೆ ‘ಕಡಿಮೆ, ಕಡಿಮೆ’ ಎಂಬ ಪದವೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ತಂದು ತೋರಿಸಿ, “ಸರ, ನಮ್ಮ ಹೊಲ ಎಲ್ಲಾ ವಿಷಯದಾಗೂ ನಾಪಾಸ್ ಆಗೇತ್ರಿ” ಎಂದು ನಕ್ಕ. ಮೇಷ್ಟ್ರಾಗಿದ್ದವನಿಗೆ ಆ ಮಾತು ಚುರುಕ್ಕೆನ್ನಿಸಿತು. ಹನ್ನೆರಡು ವಿಷಯದಲ್ಲಿ ನಾಪಾಸಾದ ಹುಡುಗನಿಗೆ ಹದಿಮೂರನೆಯದೊಂದು ವಿದ್ಯೆ ಬರುತ್ತಿದ್ದು, ಅದಕ್ಕೆ ಪರೀಕ್ಷೆಯೇ ಇಲ್ಲದಿದ್ದರೆ ತಪ್ಪು ಯಾರದು?

ಇನ್ನು ‘ಪಾಳುಭೂಮಿ’ ಎಂಬ ಪದ. ಭಾರತದ ಪಾಳುಭೂಮಿಗಳ ಭೂಪಟ ಸಂಪುಟ ಮೊದಲ ಸಲ 2000ದಲ್ಲಿ ಬಂದಿತು, 2019ರಲ್ಲಿ ಇನ್ನೊಂದು ಆವೃತ್ತಿ ಬಂದಿತು. ಕುರುಚಲು ಗಿಡಗಳ ನೆಲವೂ ಬರಿಯ ಬಂಡೆಯ ನೆಲವೂ ಅದರ ವರ್ಗಗಳಲ್ಲಿ ಸೇರಿವೆ. ಉಪಗ್ರಹ ಮೇಲಿನಿಂದ ನೋಡಿದಾಗ ಕಂಡದ್ದನ್ನು ವರ್ಗೀಕರಿಸಿದ್ದಾರೆ, ಅದು ಅವರ ಶಾಸ್ತ್ರ. ಆದರೆ ‘ಪಾಳು’ ಎಂಬ ಹೆಸರು ಬಿದ್ದ ಕ್ಷಣದಿಂದ ಆ ನೆಲಕ್ಕೆ ವಾರಸುದಾರರಿಲ್ಲ ಎಂಬ ಭಾವ ಜನರಲ್ಲಿ ಬಂದುಬಿಡುತ್ತದೆ. ಯಾರಿಗೆ ಏನು ಬೇಕಾದರೂ ಅಲ್ಲಿಯೇ ಜಾಗ ತೋರಿಸುತ್ತಾರೆ. ಊರ ಕಸ ಸುರಿಯಬೇಕೆ, ಗುಡ್ಡದ ಬುಡ. ನಿವೇಶನ ಹಾಕಬೇಕೆ, ಗುಡ್ಡದ ಬುಡ. ರಸ್ತೆಗೆ ತುಂಬಲು ಗರಸು ಬೇಕೆ, ಕೇಳುವುದೇ ಬೇಡ. ಪಠ್ಯಪುಸ್ತಕಗಳೂ ನೆರವಿಗೆ ಬರುವುದಿಲ್ಲ. ಕರ್ನಾಟಕದ ಮಣ್ಣು ಎಂದರೆ ಕೆಂಪು, ಕಪ್ಪು, ಜಂಬಿಟ್ಟಿಗೆ, ಕರಾವಳಿಯ ಮೆಕ್ಕಲು ಎಂದು ನಾಲ್ಕು ಹೆಸರು ಹೇಳಿ ಮುಗಿಸುವುದು ವಾಡಿಕೆ. ಬಾದಾಮಿಯ ಮಗು ಶಾಲೆಯ ಕಿಟಕಿಯಿಂದ ಕಾಣುವ ಮಣ್ಣನ್ನು ಆ ನಾಲ್ಕರಲ್ಲಿ ಎಲ್ಲಿ ಸೇರಿಸಬೇಕೆಂದು ತಿಳಿಯದೆ ‘ಕೆಂಪು’ ಎಂದು ಬರೆದು ಅಂಕ ಪಡೆಯುತ್ತದೆ.

ಕಾನೂನಿನ ಕಣ್ಣಿಗೆ ಈ ಮಣ್ಣು ಬಿದ್ದದ್ದು ಅದು ಲಾರಿ ಏರಿದ ಮೇಲೆ. ರಸ್ತೆ, ಕಟ್ಟೆ, ಕಟ್ಟಡಗಳ ಕೆಲಸಕ್ಕೆ ತುಂಬಲು ಬಳಸುವ ಸಾಮಾನ್ಯ ಮಣ್ಣನ್ನೂ ಕೇಂದ್ರ ಸರಕಾರ 2000ದಲ್ಲಿ ಉಪಖನಿಜವೆಂದು ಘೋಷಿಸಿತು. ಎಂದರೆ, ಇಳಿಜಾರಿನಲ್ಲಿ ಕುಳಿತು ಮಳೆ ಕುಡಿಯುತ್ತಿರುವಾಗ ಅದು ಪಾಳು. ಅಗೆದು ಸಾಗಿಸಿದರೆ ರಾಜಧನ ಕೊಡಬೇಕಾದ ಸಂಪತ್ತು. ರಾಜ್ಯದ ಪೂರ್ವ ಭಾಗದಲ್ಲಿ ಹೊಲದ ಮಣ್ಣನ್ನೇ ನೀರಿನಲ್ಲಿ ತೊಳೆದು ಉಸುಕು ತೆಗೆಯುವ ‘ಫಿಲ್ಟರ್ ಮರಳು’ ದಂಧೆ ಎಷ್ಟು ಕೆರೆಗಳನ್ನು ಕೆಡಿಸಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಉಸುಕು ಹೆಚ್ಚಾಗಿರುವ ಮಣ್ಣಿಗೆ ಆ ಕಣ್ಣು ಬೀಳಲು ಎಷ್ಟು ಹೊತ್ತು?

ಇಲ್ಲಿ ಒಂದು ಎದುರುಮಾತನ್ನು ಗೌರವದಿಂದ ಕೇಳಬೇಕು. ಎರಡು ಎಕರೆ ಮಸಾರಿಯ ಒಡೆಯನೊಬ್ಬ ನನಗೆ ಹೀಗೆಂದ: “ಪಗಾರ, ಪಿಂಚಣಿ ಇದ್ದವರು ಮಾತಾಡೂದು ಸಸಾರ ಐತ್ರಿ ಗುರುಗಳ. ಈ ಹೊಲದಾಗ ಐದು ವರ್ಷ ದುಡದ್ರ ಬರೂದು, ಮಣ್ಣ ಮಾರಿದ್ರ ಒಂದ ತಿಂಗಳದಾಗ ಬರತೈತಿ. ಮಗಳ ಲಗ್ನ ಯಾರ ಮಾಡತಾರ?” ಆತನ ಪ್ರಶ್ನೆಗೆ ಉಪದೇಶದಲ್ಲಿ ಉತ್ತರವಿಲ್ಲ. ಆತ ಮಾರುವುದು ತನ್ನದನ್ನು. ಆದರೆ ಕಳೆದುಕೊಳ್ಳುವವರಲ್ಲಿ ಕೆಳಗಿನ ಹತ್ತು ಬಾವಿಗಳ ಒಡೆಯರೂ ಇದ್ದಾರೆ. ಅವರನ್ನು ಯಾರೂ ಕೇಳಿಲ್ಲ, ಅವರಿಗೆ ಗೊತ್ತೂ ಇಲ್ಲ. ಮರಳುಗಲ್ಲಿನ ಮೇಲೆ ಅಂಗುಲ ಮಣ್ಣು ಕೂಡಲು ನೂರಾರು ವರ್ಷ ಬೇಕು, ಯಂತ್ರಕ್ಕೆ ಒಂದು ಮಧ್ಯಾಹ್ನ ಸಾಕು. ಮಣ್ಣು ಹೋದ ಮೇಲೆ ಬಂಡೆಯ ಮೇಲೆ ಬಿದ್ದ ಮಳೆ ನೇರವಾಗಿ ಹಳ್ಳಕ್ಕೆ ಓಡುತ್ತದೆ, ಹಳ್ಳದಿಂದ ಹೊಳೆಗೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ನೆರೆಗೆ ಕಾರಣ ಮೇಲಿನ ಜಲಾನಯನದ ಭಾರಿ ಮಳೆ ಮತ್ತು ಅಣೆಕಟ್ಟಿನಿಂದ ಬಿಟ್ಟ ನೀರು, ನಮ್ಮ ಗುಡ್ಡದ ಮಣ್ಣಲ್ಲ. ಅದನ್ನೂ ಇದನ್ನೂ ಬೆರೆಸಿ ಹೆದರಿಸುವುದು ನನ್ನ ಉದ್ದೇಶವಲ್ಲ. ನಾನು ಹೇಳುವುದು ಚಿಕ್ಕ ಹಳ್ಳಗಳ ಮಾತು, ಬೇಸಿಗೆಯ ಬಾವಿಗಳ ಮಾತು.

ಆದ್ದರಿಂದ ಆ ಒಡೆಯನಿಗೆ ಹೇಳಬೇಕಾದ ಮಾತನ್ನು ನಾನು ಊರಿಗೆ ಹೇಳುತ್ತೇನೆ. ಗುಡ್ಡದ ಬುಡದ ಮಸಾರಿಯಲ್ಲಿ ಬದು ಹಾಕಲು, ಹೂಳು ಹೇರಲು, ಸೀತಾಫಲ ನೆಡಲು ಉದ್ಯೋಗ ಖಾತರಿಯ ಕೂಲಿಯನ್ನು ಮೊದಲು ಬಳಸಬೇಕು. ಕೆರೆಯ ಹೂಳೆತ್ತುವ ಕೆಲಸ ಪ್ರತಿ ಬೇಸಿಗೆ ಎಲ್ಲಿಯಾದರೂ ನಡೆದೇ ಇರುತ್ತದೆ. ಆ ಹೂಳು ಎರೆಯ ದೊಡ್ಡ ಒಕ್ಕಲಿಗರ ಹೊಲಕ್ಕೆ ಹೋಗುವುದಕ್ಕಿಂತ ಮೊದಲು ಮಸಾರಿಗೆ ಹೋಗಬೇಕೆಂದು ಗ್ರಾಮಸಭೆ ಠರಾವು ಮಾಡಿದರೆ ಸರಕಾರಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಊರ ಒಡೆತನದ ಇಳಿಜಾರಿನಲ್ಲಂತೂ ಒಂದು ಬುಟ್ಟಿ ಗರಸನ್ನೂ ಎತ್ತಗೊಡಬಾರದು. ಇದರಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಚೀಟಿಯಲ್ಲಿ ಹೊಸದಾಗಿ ಎರಡು ಸಾಲು ಸೇರಬೇಕು: ಮಣ್ಣಿನ ಕಣರಚನೆ, ಮಣ್ಣಿನ ಆಳ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಆಳಕ್ಕೆ ಒಂದು ಹಾರೆ ಸಾಕು. ಕಣರಚನೆಗೆ ಎಂಟನೆಯ ತರಗತಿಯ ಮಕ್ಕಳು ಸಾಕು. ನಾನು ಪ್ರತಿ ವರ್ಷ ಅವರಿಂದ ಮಾಡಿಸುತ್ತಿದ್ದೆ. ನೇರ ಬದಿಯ ಗಾಜಿನ ಬಾಟಲಿಯಲ್ಲಿ ಮೂರರಲ್ಲೊಂದು ಪಾಲು ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಸಾಬೂನಿನ ಪುಡಿ. ಬಿಗಿಯಾಗಿ ಮುಚ್ಚಿ ಹತ್ತು ನಿಮಿಷ ಕುಲುಕಿ ಕಟ್ಟೆಯ ಮೇಲೆ ಇಡಬೇಕು. ಒಂದು ನಿಮಿಷದೊಳಗೆ ಉಸುಕು ತಳಕ್ಕೆ ಕೂಡುತ್ತದೆ, ಅಲ್ಲಿಗೆ ಬಾಟಲಿಯ ಮೇಲೆ ಒಂದು ಗೆರೆ. ಒಂದೆರಡು ತಾಸಿಗೆ ನಡುವಿನ ನಯವಾದ ರೇವೆ ಕೂಡುತ್ತದೆ, ಇನ್ನೊಂದು ಗೆರೆ. ಜೇಡಿ ರಾತ್ರಿಯೆಲ್ಲ ನೀರಿನಲ್ಲಿ ತೇಲಿಕೊಂಡಿರುತ್ತದೆ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಪಟ್ಟಿ ಹಿಡಿದು ಮೂರು ಪದರಗಳನ್ನು ಅಳೆಯುವುದು. ಗುಡ್ಡದ ಕಡೆಯ ಓಣಿಯ ಹುಡುಗರು ತಂದ ಬಾಟಲಿಗಳಲ್ಲಿ ಮೊದಲ ಗೆರೆಯ ಮೇಲೆ ಅಳೆಯುವುದಕ್ಕೆ ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಮೇಲಿನ ನೀರು ಮಾತ್ರ ಎಲ್ಲಕ್ಕಿಂತ ಮೊದಲು ಅವರದೇ ತಿಳಿಯಾಗಿರುತ್ತಿತ್ತು.